ಅಟ್ಟದ ಮೇಲಿನ ಚೆಂಡು

ಮೊನ್ನೆ ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟದ ಸಾಮಾನೆಲ್ಲ ಇಳಿಸುವಾಗ ಮಗಳ ಹಳೇ ಬ್ಯಾಸ್ಕೆಟ್‌ಬಾಲ್ ಸಿಕ್ಕಿತು. ಗಾಳಿ ಹೋಗಿ ಚಪ್ಪಟೆಯಾಗಿತ್ತು. ಕೈಗೆ ತಗೊಂಡ ತಕ್ಷಣ ನೆನಪಾದದ್ದು ಗೀತು ಅನ್ನಾ ಜೋಸ್.

ಕ್ರಿಕೆಟ್ ಬಿಟ್ಟು ಬೇರೇನೂ ನೋಡದವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಕೇರಳದ ಕೊಟ್ಟಾಯಂ ಕಡೆಯ ಹುಡುಗಿ, 1985ರಲ್ಲಿ ಹುಟ್ಟಿದವಳು. ಮೊದಲು ಆಡುತ್ತಿದ್ದದ್ದು ವಾಲಿಬಾಲ್. ಆರಡಿ ದಾಟಿದ ಎತ್ತರ ನೋಡಿ, ಆಮೇಲೆ ಬ್ಯಾಸ್ಕೆಟ್‌ಬಾಲ್. ನಮ್ಮ ಚೆನ್ನೈಗೆ ಬಂದು ದಕ್ಷಿಣ ರೈಲ್ವೆ ಸೇರಿದಳು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ಈ ಆಟದಿಂದ ಅನ್ನ ಸಿಗುವುದು ಅಂದರೆ ಹೆಚ್ಚಾಗಿ ರೈಲ್ವೆ ನೌಕರಿಯೇ. ಅಷ್ಟು ಸಿಕ್ಕಿದರೆ ಸಾಕಪ್ಪಾ ಅನ್ನುವವರೇ ಎಲ್ಲ. ಈಕೆ ಮಾತ್ರ 2006ರಲ್ಲಿ ಮೆಲ್ಬರ್ನಿಗೆ ಹೋಗಿ ರಿಂಗ್‌ವುಡ್ ಹಾಕ್ಸ್ ಅನ್ನೋ ಕ್ಲಬ್ಬಿಗೆ ಆಡಿದಳು. ಆಗ ಇಪ್ಪತ್ತೊಂದು ತುಂಬಿತ್ತೋ ಇಲ್ಲವೋ.

2009ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ಚೆನ್ನೈನಲ್ಲೇ ನಡೆಯಿತು. ಮಗಳು ಹಟ ಹಿಡಿದು ನೆಹರೂ ಒಳಾಂಗಣ ಕ್ರೀಡಾಂಗಣಕ್ಕೆ ನನ್ನನ್ನೂ ಎಳ್ಕೊಂಡು ಹೋದಳು. ಆಟ ನನಗೆ ಅಷ್ಟಾಗಿ ಅರ್ಥವಾಗಲಿಲ್ಲ ಬಿಡಿ. ನಾನು ನೋಡಿದ್ದು ಗೀತು ನಿಲ್ಲುವ ರೀತಿ. ನನ್ನ ಮಗಳು ಹದಿನಾಲ್ಕಕ್ಕೇ ಐದಡಿ ಹತ್ತಿಂಚು. ಬೆನ್ನು ಬಗ್ಗಿಸಿ, ಕುಗ್ಗಿಕೊಂಡೇ ನಡೆಯುತ್ತಿದ್ದಳು. ಊರಿಗೆ ಹೋದಾಗಲೆಲ್ಲ ನಮ್ಮತ್ತೆ "ಇವಳಿಗೆ ಗಂಡು ಎಲ್ಲಿಂದ ತರ್ತೀಯೇ?" ಅನ್ನೋರು. ಇಲ್ಲಿ ಇವಳಿಗಿಂತ ಉದ್ದದವಳು ನೆಟ್ಟಗೆ ನಿಂತಿದ್ದಾಳೆ! ಅವತ್ತು ಬಸ್ ಸ್ಟಾಪಿನವರೆಗೆ ನನ್ನ ಮಗಳೂ ನೆಟ್ಟಗೆ ನಡೆದಳು.

ಮುಂದಿನ ಜೂನ್‌ಗೆ ಹತ್ತನೇ ಕ್ಲಾಸು. ಟ್ಯೂಷನ್ ಇದೆ ಅಂತ ಆಟ ಬಿಡಿಸಿದ್ದು ನಾನೇ. "ಒಂದೇ ವರ್ಷ ಪುಟ್ಟಿ" ಅಂದಿದ್ದೆ. ಆಮೇಲೆ ಪ್ಲಸ್ ಟೂ ಬಂತು, ಇಂಜಿನಿಯರಿಂಗ್ ಬಂತು.

2011ರಲ್ಲಿ ಗೀತು ಅಮೆರಿಕದ ಡಬ್ಲ್ಯೂಎನ್‌ಬಿಎಗೆ ಆಡಲು ಟ್ರಯಲ್ಸ್‌ಗೆ ಹೋದಳು. ಚಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊ, ಮೂರು ಕಡೆ. ಆಗ ಇಡೀ ಲೀಗಿಗೆ 12 ತಂಡ, ತಂಡಕ್ಕೆ 11 ಜನ. ಪ್ರಪಂಚದ ಹುಡುಗಿಯರೆಲ್ಲ ಅಷ್ಟರಲ್ಲೇ ನುಗ್ಗಬೇಕು. ಆಯ್ಕೆಯಾಗಲಿಲ್ಲ. "ನೋಡು, ಅಂಥವಳಿಗೇ ಸಿಗಲಿಲ್ಲ" ಅಂದೆ ಮಗಳಿಗೆ. ಅವಳ ಸಮಾಧಾನಕ್ಕೋ, ನನ್ನ ಸಮಾಧಾನಕ್ಕೋ.

"ಅವಳು ಹೋಗಿ ನೋಡಿದಳಲ್ಲಮ್ಮಾ" ಅಂದಳು, ಅಷ್ಟೇ.

ಈಗ ಪುಣೆಯಲ್ಲಿದ್ದಾಳೆ. ಫೋನ್ ಮಾಡಿ, ಚೆಂಡನ್ನು ಹಳೇ ಸಾಮಾನಿನವನಿಗೆ ಕೊಡಲಾ ಅಂತ ಕೇಳಿದೆ. ಒಂದು ಗಳಿಗೆ ಮಾತೇ ಇಲ್ಲ. ಆಮೇಲೆ "ಬೇಡಮ್ಮಾ, ಸೈಕಲ್ ಅಂಗಡೀಲಿ ಗಾಳಿ ಹಿಡಿಯುತ್ತಾ ಕೇಳು" ಅಂದಳು.

ನಾಳೆ ಹೋಗಬೇಕು.