ಬಸಿದ ಕೆಂಪು ನೀರು

ಚಂದಕವಾಡಿ ಸುತ್ತಿನ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಹೇಳಿಕೊಟ್ಟವನು ನಾನು. ದ್ಯುತಿಸಂಶ್ಲೇಷಣೆಯ ಪಾಠ ಬಾಯಿಪಾಠವಾಗಿತ್ತು. ಯೋಚಿಸದೆ ಹೇಳುವಷ್ಟು ಬಾಯಿಪಾಠ.

ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೆಂಪು ದಂಟಿನ ಸೊಪ್ಪು ಬೇಯಿಸಿ ಬಸಿದ ನೀರನ್ನು ಲೋಟದಲ್ಲಿ ತಂದಳು. "ಸಾ, ಕೆಂಪೆಲ್ಲ ನೀರ್ಗ ಬಂತು, ಸೊಪ್ಪು ಹಸ್ರಾಯ್ತು. ಹಂಗಾರ ಈ ಕೆಂಪು ಎಲೇಲಿ ಏನ್ ಕೆಲ್ಸ ಮಾಡ್ತಿತ್ತು?"

"ಅಡುಗೆ ಮಾಡೋದು ಹಸಿರು. ಕೆಂಪು ಬರೀ ಮೇಲಿನ ಮುಸುಕು" ಎಂದೆ. ಅವಳು ಬಿಡಲಿಲ್ಲ. ಪುಸ್ತಕ ತೆರೆದು ಕಡಲಿನ ಕೆಂಪು ಪಾಚಿಯ ಚಿತ್ರ ತೋರಿಸಿದಳು. "ಇದ್ಕೂ ಹಂಗೆಯಾ ಸಾ?"

"ಅದಕ್ಕೂ ಹಾಗೇ. ಪರೀಕ್ಷೆಗೆ ಬರದ್ದನ್ನ ಕೇಳಬೇಡ, ಕೂತ್ಕೊ."

ನನಗೆ ಗೊತ್ತಿರಲಿಲ್ಲ. ಸುವರ್ಣಾವತಿ ಜಲಾಶಯಕ್ಕಿಂತ ದೊಡ್ಡ ನೀರನ್ನು ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಆದರೂ 'ಗೊತ್ತಿಲ್ಲ ಕಣವ್ವ, ಓದಿ ಹೇಳ್ತೀನಿ' ಎನ್ನಲು ನಾಲಿಗೆ ಏಳಲಿಲ್ಲ. ನಲವತ್ತು ಮಕ್ಕಳ ಮುಂದೆ ಸಣ್ಣವನಾದೇನೆಂಬ ಭಯ. ಆ ಭಯವನ್ನು ಶಿಸ್ತು ಎಂದು ಕರೆದುಕೊಂಡೆ.

ನಿವೃತ್ತನಾದ ಮೇಲೆ ಗೋಕರ್ಣಕ್ಕೆ ಹೋಗಿದ್ದೆ. ನೀರು ಇಳಿದ ಹೊತ್ತು ಬಂಡೆಗಳ ಮೇಲೆ ಕಡುಗೆಂಪು ಕುಚ್ಚುಗಳಿದ್ದವು. ಒಂದು ಹಿಡಿ ತಂದು ನಲ್ಲಿ ನೀರಿನ ಬಾಟಲಿಯಲ್ಲಿ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ಗುಲಾಬಿ, ಪಾಚಿ ಮಾಸಲು ಹಸಿರು. ಥೇಟ್ ಆ ಲೋಟ. ಬಿಸಿಲಿಗೆ ಹಿಡಿದಾಗ ಮಾತ್ರ ನೀರಿನೊಳಗಿಂದ ಕಿತ್ತಳೆ ಬಣ್ಣದ ಹೊಳಪು ಎದ್ದಿತು. ಅದೇನೆಂದು ತಿಳಿಯಲು ಓದತೊಡಗಿದೆ.

ಆ ಕೆಂಪಿನ ಹೆಸರು ಫೈಕೋಎರಿಥ್ರಿನ್. ಅದು ಮುಸುಕಲ್ಲ, ಬೆಳಕಿಗೆ ಒಡ್ಡಿದ ಬೊಗಸೆ. ಕಡಲ ನೀರು ಸೂರ್ಯನ ಕೆಂಪು ಬೆಳಕನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ನುಂಗಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ, ಹಸಿರು. ಪತ್ರಹರಿತ್ತು ಹಸಿರು ಬೆಳಕನ್ನು ಸರಿಯಾಗಿ ಹಿಡಿಯಲಾರದು. ಫೈಕೋಎರಿಥ್ರಿನ್ ಹಿಡಿಯುವುದು ಅದನ್ನೇ. ಹಿಡಿದದ್ದನ್ನು ಪಕ್ಕದ ನೀಲಿ ವರ್ಣಕ ಫೈಕೋಸಯನಿನ್‌ಗೆ, ಅದು ಅಲೋಫೈಕೋಸಯನಿನ್‌ಗೆ, ಅದು ಪತ್ರಹರಿತ್ತಿಗೆ ಕೈಯಿಂದ ಕೈಗೆ ದಾಟಿಸುತ್ತದೆ. ದಾರಿಯಲ್ಲಿ ಸೋರುವುದು ತೀರ ಕಡಿಮೆ. ನನ್ನ ಬಾಟಲಿಯಲ್ಲಿ ಆ ಸಾಲು ಮುರಿದಿತ್ತು. ಹಿಡಿದ ಬೆಳಕನ್ನು ಕೊಡಲು ಯಾರೂ ಇಲ್ಲದೆ ಫೈಕೋಎರಿಥ್ರಿನ್ ಅದನ್ನು ಹೊರಗೆ ಚೆಲ್ಲುತ್ತಿತ್ತು. ಕಿತ್ತಳೆ ಹೊಳಪು ಅದೇ.

1950ರಲ್ಲಿ ಹ್ಯಾಕ್ಸೊ ಮತ್ತು ಬ್ಲಿಂಕ್ಸ್ ಎಂಬ ಇಬ್ಬರು ಕೆಂಪು ಪಾಚಿಯ ಮೇಲೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು ಎಷ್ಟು ಆಮ್ಲಜನಕ ಬಂತೆಂದು ಅಳೆದಿದ್ದರು. ಪತ್ರಹರಿತ್ತು ತಾನೇ ಹೀರಿದ ಬೆಳಕಿಗಿಂತ ಕೆಂಪು ವರ್ಣಕ ಹಿಡಿದುಕೊಟ್ಟ ಬೆಳಕಿನಲ್ಲೇ ಹೆಚ್ಚು ಕೆಲಸ ನಡೆದಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ತರಗತಿಯಲ್ಲಿ ಆ ಮಾತು ಆಡುವುದಕ್ಕೂ ಎಷ್ಟೋ ವರ್ಷ ಮೊದಲೇ ಉತ್ತರ ಸಿದ್ಧವಾಗಿತ್ತು! ಕೆಂಪು ವರ್ಣಕದ ಮೇಲುಗೈಗೆ ಕಾರಣವಿದೆ: ಪಾಚಿಯೊಳಗೆ ಬೆಳಕನ್ನು ದುಡಿಸುವ ಎರಡು ವ್ಯವಸ್ಥೆಗಳು ಜೋಡೆತ್ತಿನಂತೆ ಒಟ್ಟಿಗೆ ಎಳೆಯಬೇಕು. ಪತ್ರಹರಿತ್ತಿನ ಹೆಚ್ಚು ಪಾಲು ಒಂದರ ಕಡೆಗಿದೆ. ಇನ್ನೊಂದಕ್ಕೆ ಮೇವು ಬರುವುದು ಮುಖ್ಯವಾಗಿ ಕೆಂಪಿನಿಂದ.

1984ರಲ್ಲಿ ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ, ನಮಗೆ ಕತ್ತಲೆಯೇ ಅನ್ನಿಸುವಲ್ಲಿ, ಕಲ್ಲಿಗೆ ಅಂಟಿಕೊಂಡು ಬೆಳೆದ ಕೆಂಪು ಪಾಚಿ ಸಿಕ್ಕಿತು. ಅದನ್ನು ಓದಿದವನೇ 'ಆಳಕ್ಕಾಗಿಯೇ ಕೆಂಪು' ಎಂದು ಮನಸ್ಸಿನಲ್ಲಿ ಹೊಸ ಪಾಠ ಕಟ್ಟತೊಡಗಿದ್ದೆ. 1883ರಲ್ಲೇ ಎಂಗೆಲ್‌ಮನ್ ಎಂಬ ವಿಜ್ಞಾನಿ ಹಾಗೆ ಹೇಳಿದ್ದ ಕೂಡ. ಆದರೆ ನಾನು ಕುಚ್ಚು ಕಿತ್ತದ್ದು ಮೊಣಕಾಲುದ್ದ ನೀರಿನಲ್ಲಿ. ಅಲ್ಲಿ ಹಸಿರು ಪಾಚಿಯೂ ಜೊತೆಗಿತ್ತು. ಮತ್ತೊಂದು ಬಾಯಿಪಾಠ ಸಿದ್ಧವಾಗುತ್ತಿತ್ತು, ಕಣ್ಣೆದುರಿನ ಬಂಡೆಯನ್ನೇ ಮರೆತು.

ದಂಟಿನ ಸೊಪ್ಪಿನ ಕೆಂಪು ಬೇರೆ ಜಾತಿಯದು, ಅದು ಪತ್ರಹರಿತ್ತಿಗೆ ಬೆಳಕು ದಾಟಿಸುವುದಿಲ್ಲ. ಅಷ್ಟರಮಟ್ಟಿಗೆ ಅಂದಿನ ನನ್ನ ಮಾತು ಸರಿ. ಆ ಅರ್ಧ ಸರಿಯನ್ನು ಹಿಡಿದುಕೊಂಡೇ ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ.

ಹೋದ ವರ್ಷ ಗುಂಡ್ಲುಪೇಟೆ ಕಡೆಯ ಒಂದು ಬಾಳೆ ತೋಟದಲ್ಲಿ ಅವಳು ಸಿಕ್ಕಳು. ಟಿಶ್ಯೂ ಕಲ್ಚರ್ ಸಸಿ ನೆಡಿಸುತ್ತಿದ್ದಳು. ಆ ಲೋಟದ ಮಾತು ಎತ್ತಿದೆ. "ನಾನ್ ಕೇಳಿದ್ನಾ ಸಾ? ನೆಪ್ಪಿಲ್ಲ" ಎಂದಳು. "ಆಮ್ಯಾಕ ನಾನು ಕ್ಲಾಸ್ನಲ್ಲಿ ಏನೂ ಕೇಳ್ತಿರ್ನಿಲ್ವಲ್ಲ."

ನಾನು ಬದುವಿನ ಮೇಲೆ ಕೂತೆ. ಅವಳ ಕೈಯಲ್ಲಿದ್ದ ಸಸಿಯನ್ನು ತೋರಿಸಿ, ಲ್ಯಾಬಿನಲ್ಲಿ ಇದಕ್ಕೆ ಮೊದಲ ಹಾಸಿಗೆಯಾದ ಅಗರ್ ಎಂಬ ಲೋಳೆ ಕಡಲ ಕೆಂಪು ಪಾಚಿಯದೇ ಎಂದು ಶುರುಮಾಡಿದೆ. ಅವಳು ಗುದ್ದಲಿ ಕೆಳಗಿಟ್ಟಳು.