ಹೊಟ್ಟೆಗಾಗಿ ಕಲಿತ ಭಾಷೆ

ನನ್ನ ತಮ್ಮನ ಮಗಳು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯದಲ್ಲಿ ಸ್ಪ್ಯಾನಿಷ್ ಭಾಷೆಯನ್ನು ವ್ಯಾಸಂಗಮಾಡುತ್ತಿರುವಳು. ರಜೆಗೆ ಬಂದವಳನ್ನು, ಇದರಿಂದ ಪ್ರಯೋಜನವೇನೆಂದು ಕೇಳಿದೆನು.

“ದೊಡ್ಡಪ್ಪ, ಅದು 20 ದೇಶಗಳ ಆಡಳಿತಭಾಷೆ, ಬೇಗನೆ ಉದ್ಯೋಗ ದೊರೆತೀತು” ಎಂದಳು.

ವಿದ್ಯೆಯನ್ನು ಹೊಟ್ಟೆಪಾಡಿಗೆ ಕಲಿಯುವುದೇ ಎಂದು ಗದರಿಸಿದೆನು. ಅವಳು ಮೆಲ್ಲನೆ, “ಸಂಸ್ಕೃತದ ‘ನವ’ಕ್ಕೆ ಒಂಬತ್ತು, ಹೊಸತು ಎಂದು ಎರಡರ್ಥವಲ್ಲವೆ? ಸ್ಪ್ಯಾನಿಷಿನಲ್ಲಿಯೂ ಒಂಬತ್ತಕ್ಕೆ ‘ನ್ವೇವೆ’, ಹೊಸತಕ್ಕೆ ‘ನ್ವೇವೊ’” ಎಂದಳು. ನಾನು ಬೆರಗಾದೆನು.

1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರಿನಲ್ಲಿ ನಮ್ಮ ಅಡಕೆತೋಟ ಮುಳುಗಿತು. ಊಟವೂ ದೊರೆಯುವುದೆಂದೇ ತಂದೆಯವರು ನನ್ನನ್ನು ಪಾಠಶಾಲೆಗೆ ಸೇರಿಸಿದರು. ಸಂಸ್ಕೃತದ ರುಚಿ ಹತ್ತಿದುದು ಅನಂತರ. ಅದು ನನಗೆ ಮೊದಲು ಇತ್ತುದು ಅನ್ನವನ್ನೇ. ಇದನ್ನು ಮರೆತು ಮಗುವನ್ನು ಗದರಿದೆನಲ್ಲಾ!

ಈ ವರ್ಷದ ಅವಳ ಶುಲ್ಕವನ್ನು ನನ್ನ ನಿವೃತ್ತಿವೇತನದಿಂದಲೇ ಕೊಟ್ಟೆನು.