ತಲೆಯ ಮೇಲೊಂದು ಚಾವಣಿ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಹಾವೇರಿ ಜಿಲ್ಲೆಯಲ್ಲಿ ಮೊದಲು ಸಿಗುವ ತಾಲ್ಲೂಕು ಕೇಂದ್ರ ಶಿಗ್ಗಾವಿ. ಅಲ್ಲಿಂದ ಪೂರ್ವಕ್ಕೆ ಸವಣೂರು. ನೈರುತ್ಯಕ್ಕೆ ಮಲೆನಾಡಿನ ಸೆರಗು ಹಿಡಿದ ಹಾನಗಲ್ಲ. ಅದರ ದಕ್ಷಿಣಕ್ಕೆ ಹಿರೇಕೆರೂರು. 1997ರಲ್ಲಿ ಧಾರವಾಡದಿಂದ ಬೇರೆಯಾದ ಈ ಜಿಲ್ಲೆಯ ನಾಲ್ಕೂ ಊರುಗಳನ್ನು ಎರಡು ದಿನಗಳಲ್ಲಿ ಸುತ್ತಿ ಬರಬಹುದು. ಸ್ವಂತ ವಾಹನವಿದ್ದರೆ ಇನ್ನೂ ಅನುಕೂಲ.

ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ಒಬ್ಬ ತಂದೆ ಮತ್ತು ಪಿಯುಸಿ ಬರೆದ ಮಗ ತಮ್ಮ ಹದಿನೈದು ವರ್ಷದ ಹಳೆಯ ಕಾರಿನಲ್ಲಿ ಹೀಗೆ ಹೊರಟಿದ್ದಾರೆ ಎಂದುಕೊಳ್ಳಿ. ಇಂಜಿನ್ ಚೆನ್ನಾಗಿದೆ, ಟೈರುಗಳು ಗಟ್ಟಿಯಾಗಿವೆ. ತೊಂದರೆ ಇರುವುದು ತಲೆಯ ಮೇಲೆ. ಒಳಚಾವಣಿಯ ಬಟ್ಟೆ ಕಳಚಿಕೊಂಡು, ಮಳೆನೀರು ನಿಂತ ಮದುವೆ ಚಪ್ಪರದಂತೆ ಜೋತುಬಿದ್ದಿದೆ. ಕಿಟಕಿ ಇಳಿಸಿದರೆ ಗಾಳಿ ತುಂಬಿ ಪಟಪಟ ಬಡಿಯುತ್ತದೆ. ಹಿಂದಿನ ರಸ್ತೆ ತೋರಿಸಬೇಕಾದ ಕನ್ನಡಿಯಲ್ಲಿ ಅರ್ಧಕ್ಕರ್ಧ ಬಟ್ಟೆಯೇ ಕಾಣುತ್ತದೆ. ಮನೆಯಲ್ಲಿ ಅವ್ವ ಡಬ್ಬಿಯಿಂದ ಗುಂಡುಸೂಜಿ ತೆಗೆದು ಅಲ್ಲಲ್ಲಿ ಚುಚ್ಚಿದ್ದಾಳೆ. ಕಾರು ಕುಲುಕಿದಾಗ ಒಂದೊಂದಾಗಿ ಅವೂ ಉದುರುತ್ತವೆ.

“ಮಾರಿಬಿಡೂಣಪ್ಪಾ, ಗೆಳೆಯಾರ ಮುಂದ ನಾಚಿಕಿ ಆಗತೈತಿ” ಎಂಬುದು ಮಗನ ವಾದ. ಜೂನ್ ಬಂದರೆ ಕಾಲೇಜಿನ ಶುಲ್ಕ ಕಟ್ಟಬೇಕು, ಹಾಸ್ಟೆಲಿಗೆ ಕೊಡಬೇಕು ಎಂಬುದು ತಂದೆಯ ಲೆಕ್ಕ. ಇಬ್ಬರ ಮಾತಿನಲ್ಲೂ ಹುರುಳಿದೆ.

ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರು ಹುಟ್ಟಿದ ಊರು. ಶಿಶುವಿನಹಾಳ ಶರೀಫ ಸಾಹೇಬರದು. ಹೆದ್ದಾರಿಯ ಬದಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರ ಕನಸಿನ ಉತ್ಸವ ರಾಕ್ ಗಾರ್ಡನ್ ಕೂಡ ಅಲ್ಲಿಯೇ. ಉತ್ತರ ಕರ್ನಾಟಕದ ಹಳ್ಳಿಯ ಬದುಕು, ಕಸುಬುಗಳು ಅಲ್ಲಿ ಆಳೆತ್ತರದ ಮೂರ್ತಿಗಳಾಗಿ ನಿಂತಿವೆ. ಮಕ್ಕಳು ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೂರ್ತಿಯಾದ ಕಸುಬಿಗೆ ಸಿಗುವ ಈ ಗೌರವ ಊರೊಳಗೆ ಉಸಿರಾಡುತ್ತಿರುವ ಕಸುಬುದಾರನಿಗೂ ಸಿಗುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಅಂಥ ಕಸುಬುಗಳಲ್ಲಿ ಕುಶನ್ ಕೆಲಸವೂ ಒಂದು. ಟ್ರ್ಯಾಕ್ಟರ್ ಸೀಟು, ಬೈಕಿನ ಸೀಟು, ಟೆಂಪೋದ ಹಾಸು ಹೊಲಿಯುವ ಅಂಗಡಿ ಯಾವ ತಾಲ್ಲೂಕಿನ ಊರಿನಲ್ಲಾದರೂ ಸಿಕ್ಕೀತು. ಸವಣೂರಿನಲ್ಲಿ ಕಾರು ನಿಲ್ಲಿಸಿ ವಿಚಾರಿಸಿದರೆ ಕೆಲಸ ಬಲ್ಲವನು ಬಟ್ಟೆಯನ್ನು ಒಮ್ಮೆ ಹಿಸುಕಿ ನೋಡಿ ಹೇಳುತ್ತಾನೆ: “ಬಟ್ಟೀದೇನೂ ತಪ್ಪಿಲ್ರೀ ಸರ. ನಡುವಿನ ಸ್ಪಂಜು ಹಾಳಾಗೇತಿ.”

ಇದೇ ಇಡೀ ರೋಗದ ಮೂಲ. ಅಂಬಾಸಡರ್, ಪದ್ಮಿನಿಯಂಥ ಹಿಂದಿನ ಕಾರುಗಳಲ್ಲಿ ಒಳಚಾವಣಿಯನ್ನು ಹೊಲಿದು, ಬಾಗಿದ ತಂತಿಗಳಿಗೆ ಪೋಣಿಸಿ, ಅಂಚಿನಲ್ಲಿ ಬಿಗಿಯುತ್ತಿದ್ದರು. ಅನಂತರದ ಕಾರುಗಳಲ್ಲಿ ಅಚ್ಚಿನಲ್ಲಿ ಒತ್ತಿದ ಹಗುರ ಹಲಗೆ, ಅದಕ್ಕೆ ಅಂಟಿದ ತೆಳುವಾದ ಸ್ಪಂಜು, ಸ್ಪಂಜಿಗೆ ಅಂಟಿದ ಬಟ್ಟೆ. ನೋಡಲು ಅಂದ, ಮುಟ್ಟಲು ಮೆತ್ತಗೆ. ಆದರೆ ಬಿಸಿಲಿಗೆ ನಿಂತ ಕಾರಿನೊಳಗೆ ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮಳೆಗಾಲದಲ್ಲಿ ತೇವ ಸೇರುತ್ತದೆ. ವರ್ಷಗಟ್ಟಲೆ ಹೀಗಾದಾಗ ಪಾಲಿಯುರಿಥೇನ್ ಸ್ಪಂಜು ಸತ್ವ ಕಳೆದುಕೊಂಡು ಹುಡಿಯಾಗುತ್ತದೆ. ಹಲಗೆ ಗಟ್ಟಿ, ಬಟ್ಟೆಯೂ ಗಟ್ಟಿ. ಎರಡನ್ನೂ ಹಿಡಿದಿದ್ದ ನಡುವಿನ ಪದರ ಮಾತ್ರ ಇಲ್ಲ.

ಆದ್ದರಿಂದಲೇ ಬಟ್ಟೆಗೆ ಅಂಟು ಬಳಿದು ಮೇಲಕ್ಕೆ ಒತ್ತಿದರೆ ಕೆಲವೇ ದಿನಗಳಲ್ಲಿ ಮತ್ತೆ ಬೀಳುತ್ತದೆ. ಅಂಟು ಹಿಡಿಯುವುದು ಹುಡಿಯನ್ನು; ಹುಡಿ ಯಾರನ್ನೂ ಹಿಡಿಯದು.

ಸರಿಯಾದ ಕೆಲಸಕ್ಕೆ ತಾಳ್ಮೆ ಬೇಕು. ಬಿಸಿಲು ತಡೆಯುವ ಪಟ್ಟಿ, ಕೈಹಿಡಿ, ಒಳದೀಪ, ಕಂಬಗಳ ಪ್ಲಾಸ್ಟಿಕ್ ಕವಚ ಎಲ್ಲವನ್ನೂ ಬಿಚ್ಚಿ, ಸೀಟು ಮಲಗಿಸಿ, ಹಲಗೆಯನ್ನು ಬಾಗದಂತೆ ಹಿಂಬಾಗಿಲಿನಿಂದ ಹೊರಗೆ ತೆಗೆಯಬೇಕು. ಹಳೆಯ ಬಟ್ಟೆ ಸುಲಿದು, ಸ್ಪಂಜಿನ ಹುಡಿಯನ್ನು ಮೃದುವಾದ ಬ್ರಷ್ಷಿನಿಂದ ಕೊನೆಯ ಚೂರಿನವರೆಗೂ ಉಜ್ಜಿ ತೆಗೆಯಬೇಕು. ಹೆಚ್ಚು ಹೊತ್ತು ಹಿಡಿಯುವುದು ಇದೇ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕು. ಬಳಿಕ ಶಾಖ ತಡೆಯುವ ರಬ್ಬರ್ ಅಂಟನ್ನು ಹಲಗೆಗೂ, ಹೊಸ ಸ್ಪಂಜು ಬಟ್ಟೆಯ ಬೆನ್ನಿಗೂ ತೆಳುವಾಗಿ ಹಚ್ಚಿ, ಬೆರಳಿಗೆ ಜಿಗುಟೆನಿಸುವವರೆಗೆ ಕಾಯಬೇಕು. ಅವಸರದಲ್ಲಿ ಹಸಿ ಅಂಟಿನ ಮೇಲೆ ಹಾಸಿದರೆ ಬಟ್ಟೆಯ ಮೇಲೆ ಕಲೆ ಮೂಡುತ್ತದೆ. ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತ ಹೋದರೆ ಸುಕ್ಕು ಉಳಿಯದು. ಈ ಅಂಟಿನ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಗಾಳಿಯಾಡುವ ಬಯಲೇ ಇದಕ್ಕೆ ಸರಿ, ಬೀಡಿ-ಬೆಂಕಿ ಹತ್ತಿರ ಸುಳಿಯಬಾರದು. ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಾದರೆ ಅದನ್ನು ಬಲ್ಲ ಮೆಕ್ಯಾನಿಕ್ ಇಲ್ಲದೆ ಕೈ ಹಾಕಬಾರದು.

ಹುಡಿ ಉಜ್ಜುವುದಕ್ಕೆ ವಿದ್ಯೆ ಬೇಡ, ಕೈ ಬೇಕು. ಪಿಯುಸಿ ಹುಡುಗ ಅಂಗಿ ಬಿಚ್ಚಿಟ್ಟು ಕುಳಿತರೆ ಕೂಲಿಯೂ ಉಳಿದೀತು, ರಸಾಯನಶಾಸ್ತ್ರದ ಒಂದು ಪಾಠವೂ ಆದೀತು.

ಅಂಟು ಒಣಗುವಷ್ಟರಲ್ಲಿ ಸವಣೂರನ್ನು ನೋಡಬಹುದು. ನವಾಬರು ಆಳಿದ ಊರು, ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು, ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಊರು. ಕಲ್ಮಠದ ಆವರಣದ ದೊಡ್ಡ ಹುಣಸೆ ಮರಗಳು ಹುಣಸೆಯ ಜಾತಿಯವಲ್ಲ. ಆಫ್ರಿಕಾ ಮೂಲದ ಬಾವೊಬಾಬ್. ಹತ್ತಾರು ಜನ ಕೈಹಿಡಿದು ಸುತ್ತುವರಿಯಬೇಕಾದ ಆ ಕಾಂಡ ಬಂಡೆಯಂತೆ ಕಂಡರೂ ಒಳಗೆ ನೀರು ಹೀರಿಕೊಂಡ ಮೆತ್ತನೆಯ ನಾರು. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿಬಿತ್ತು. ಅದನ್ನು ಕಡಿದು ಸೌದೆ ಮಾಡಲಿಲ್ಲ. ಮತ್ತೆ ಎತ್ತಿ ನಿಲ್ಲಿಸಿದರು.

ಮರುದಿನ ಬಂಕಾಪುರದ ಮೇಲಾಗಿ ಹಾನಗಲ್ಲಿಗೆ. ಕದಂಬರ ಒಂದು ಶಾಖೆ ಆಳಿದ ಪಾನುಂಗಲ್ಲು ಇದೇ. ಚಾಲುಕ್ಯ ಶೈಲಿಯ ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ಕತ್ತೆತ್ತಿದರೆ ಕಲ್ಲಿನ ಚಾವಣಿ ಉಂಗುರದ ಮೇಲೆ ಉಂಗುರವಾಗಿ ಏರುತ್ತ ಹೋಗಿ, ನಟ್ಟನಡುವೆ ತಾವರೆಯೊಂದು ಕೆಳಮುಖವಾಗಿ ಇಳಿಬಿದ್ದಿದೆ. ಇಷ್ಟು ಭಾರ ಬೀಳುವುದಿಲ್ಲವೇಕೆ?

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಮೇಜಿನ ಅಂಚಿನಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು, ಪ್ರತಿಯೊಂದೂ ಕೆಳಗಿನದಕ್ಕಿಂತ ತುಸು ಮುಂದೆ ಚಾಚುವಂತೆ ಇಡಬೇಕು. ಹಿಂಭಾಗದ ಭಾರ ಹಿಡಿದಿರುವವರೆಗೆ ಮುಂಭಾಗ ಬೀಳದು. ಗುಡಿಯ ಕಲ್ಲುಗಳೂ ಹಾಗೆಯೇ: ಮೇಲಿನ ಸುತ್ತು ಕೆಳಗಿನ ಸುತ್ತಿಗಿಂತ ತುಸು ಒಳಚಾಚಿದೆ, ಮೇಲೇರಿದ ಭಾರ ಅದರ ಬೆನ್ನನ್ನು ಅದುಮಿ ಹಿಡಿದಿದೆ. ಎಂಟು ಶತಮಾನ ದಾಟಿದ ಈ ಚಾವಣಿ ಅಂಟನ್ನು ನಂಬಿ ನಿಂತಿಲ್ಲ. ಕಾರಿನ ಚಾವಣಿಗೆ ಅಂಟಲ್ಲದೆ ಗತಿಯಿಲ್ಲ. ಆದರೂ ಎರಡಕ್ಕೂ ನಿಯಮ ಒಂದೇ: ಕೂರುವ ಜಾಗ ಗಟ್ಟಿಯಾಗಿರಬೇಕು.

ಹಾನಗಲ್ಲಿನಿಂದ ದಕ್ಷಿಣಕ್ಕೆ ಸಾಗಿದರೆ ಹಿರೇಕೆರೂರು. ಊರ ಹೆಸರಿನಲ್ಲೇ ಕೆರೆಯಿದೆ. ದುರ್ಗಾದೇವಿಯ ಕೆರೆಯ ದಂಡೆಯಲ್ಲಿ ಸಂಜೆಯ ಗಾಳಿ ಹಿತವಾಗಿರುತ್ತದೆ. ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡ ಅಬಲೂರು, ಮಾಸೂರು ಈ ಸೀಮೆಯವೇ. ಆ ಕವಿಯನ್ನು ಕುಂಬಾರರ ಮನೆಯ ಮಗನೆಂದು ಜನ ನಂಬಿದ್ದಾರೆ.

ಅಷ್ಟು ಹೊತ್ತಿಗೆ ಕಾರು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತಿರುತ್ತದೆ. ಬಾಗಿಲು ತೆಗೆದ ಮಗ ಮೊದಲು ನೋಡುವುದು ಮೇಲಕ್ಕೆ. ಬಟ್ಟೆ ಅಲುಗಿಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆ ಪೂರ್ತಿ ಕಾಣುತ್ತದೆ. ಸೀಟಿನ ಸಂದಿಯಲ್ಲಿ ಬಿದ್ದಿರುವ ಗುಂಡುಸೂಜಿಗಳನ್ನು ಆರಿಸಿ ಅವ್ವನ ಡಬ್ಬಿಗೆ ಮರಳಿಸುವುದಷ್ಟೇ ಉಳಿದ ಕೆಲಸ.